ಮುಳ್ಳು ಮಧ್ಯಕ್ಕೆ ಬಂದರೆ ಸಾಲದು: ಘಾಟಿ ಏರುವ ಮೊದಲು ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಸಿ ಮಾಡುವ ಕ್ರಮ

ನಮ್ಮನೆ ಮೇಗರವಳ್ಳಿ ಹತ್ತಿರ, ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ. ಡಿಸೆಂಬರ್ ಬೆಳಗ್ಗೆ ಶೆಡ್ಡಿನಿಂದ ಕಾರು ತೆಗೆಯುವಾಗ ಅಪ್ಪಯ್ಯ ಜಗುಲಿಯಿಂದಲೇ ಕೂಗುತ್ತಾರೆ: "ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಟ್ಟಿರು ಮಾರಾಯ, ಇಂಜಿನ್ ಬಿಸಿ ಆಗ್ಲಿ!" ನಾನು ಅರ್ಧ ನಿಮಿಷಕ್ಕೆ ಹೊರಟುಬಿಡುತ್ತೇನೆ. ಅವರಿಗೆ ಅದು ಇವತ್ತಿಗೂ ಅಸಮಾಧಾನವೇ.

ಅಪ್ಪಯ್ಯನ ಮಾತು ಸುಳ್ಳಲ್ಲ, ಹಳತು ಅಷ್ಟೆ. ಅವರು ಓಡಿಸಿದ್ದು ಅಂಬಾಸಿಡರ್ ಮತ್ತು ಜೀಪು. ಚೋಕ್ ಎಳೆದು ಸ್ಟಾರ್ಟ್ ಮಾಡುವ ಕಾರ್ಬುರೇಟರ್ ಗಾಡಿ ಸ್ವಲ್ಪ ಬಿಸಿಯಾಗದೆ ಹೊರಟರೆ ದಣಪೆ ದಾಟುವ ಮೊದಲೇ ಕೆಮ್ಮಿ ನಿಂತುಬಿಡುತ್ತಿತ್ತು. ಈಗಿನ ಗಾಡಿಯಲ್ಲಿ ಎಷ್ಟು ಪೆಟ್ರೋಲ್ ಬೇಕೆಂದು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸೆನ್ಸರ್‌ಗಳನ್ನು ನೋಡಿ ಅಳೆದು ಕೊಡುತ್ತದೆ, ಆ ಕೆಮ್ಮು ಇಲ್ಲ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನ ಬಸ್ಸು ಗುರುಗುಟ್ಟುತ್ತಾ ನಿಂತಿರುವುದನ್ನು ತೋರಿಸಿ ವಾದಿಸುವವರೂ ಇದ್ದಾರೆ. ಬಸ್ಸಿನ ಲೆಕ್ಕವೇ ಬೇರೆ. ಅದಕ್ಕಿರುವುದು ಏರ್ ಬ್ರೇಕ್, ಟ್ಯಾಂಕಿನಲ್ಲಿ ಗಾಳಿ ತುಂಬುವ ತನಕ ಹೊರಡುವ ಹಾಗಿಲ್ಲ.

ಇದಕ್ಕೆ ತದ್ವಿರುದ್ಧದ ತಪ್ಪು ಮಾಡಿದವನು ನಾನೇ. ಆಗುಂಬೆ ಘಾಟಿಯ ಬುಡದ ಸೋಮೇಶ್ವರದಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಉಳಿದು, ಬೆಳಗ್ಗೆ ಬೇಗ ಊರಿಗೆ ಹೊರಟಿದ್ದೆ. ಮನೆಯಿಂದ ರಸ್ತೆಗೆ ಬಂದ ಸ್ವಲ್ಪ ಹೊತ್ತಿಗೇ ಘಾಟಿ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದಿತ್ತು, ರಸ್ತೆ ಖಾಲಿ ಇತ್ತು, ಎರಡನೇ ಗೇರಿನಲ್ಲಿ ಕೊನೆಯ ತನಕ ತುಳಿದೆ. ಆ ವಾರವಷ್ಟೇ ತರಿಸಿದ್ದ ಒಬಿಡಿ ಡಾಂಗಲ್ (ಗಾಡಿಯ ಸೆನ್ಸರ್ ಲೆಕ್ಕಗಳನ್ನು ಫೋನಿಗೆ ಕಳಿಸುವ ಸಣ್ಣ ಸಾಧನ) ಪೋರ್ಟಿನಲ್ಲಿತ್ತು. ಮುಂದಿನ ತಿರುವಿನಲ್ಲಿ ಫೋನ್ ಕಡೆ ಕಣ್ಣು ಹೋಯಿತು: ಕೂಲಂಟ್ (ಎಂಜಿನ್ ತಣಿಸುವ ನೀರು) 86 ಡಿಗ್ರಿ, ಆಯಿಲ್ 49. ಅಷ್ಟು ವರ್ಷ ಮುಳ್ಳು ನೋಡಿಕೊಂಡೇ ತುಳಿದಿದ್ದೆನಲ್ಲ ಎಂದು ಹೊಟ್ಟೆಯೊಳಗೆ ಏನೋ ಆಯಿತು.

ಮುಳ್ಳು ತೋರಿಸುವುದು ನೀರಿನ ಬಿಸಿಯನ್ನು. ಎಂಜಿನ್ ಉಳಿಸುವುದು ಆಯಿಲ್. ಮುಂದೆ ಬರೆದಿರುವ ಹಂತಗಳೆಲ್ಲ ಈ ಎರಡರ ನಡುವಿನ ಅಂತರದ ಬಗ್ಗೆಯೇ.

ಜೋನಿ ಬೆಲ್ಲ ಮತ್ತು ಆಯಿಲ್

ಚಳಿಗಾಲದ ಬೆಳಗ್ಗೆ ದೋಸೆಗೆಂದು ಡಬ್ಬಿ ಓರೆ ಮಾಡಿದರೆ ಜೋನಿ ಬೆಲ್ಲ ಇಳಿಯುವ ಮನಸ್ಸೇ ಮಾಡುವುದಿಲ್ಲ. ಅದೇ ಡಬ್ಬಿಯನ್ನು ಸ್ವಲ್ಪ ಹೊತ್ತು ಒಲೆ ದಂಡೆ ಮೇಲೆ ಇಟ್ಟರೆ ಸಲೀಸಾಗಿ ಸುರಿಯುತ್ತದೆ. ಎಂಜಿನ್ ಆಯಿಲ್ ಅಷ್ಟು ಮಂದವಲ್ಲ, ಆದರೆ ಸ್ವಭಾವ ಅದೇ. ಸಾಮಾನ್ಯ 5ಡಬ್ಲ್ಯೂ-30 ಆಯಿಲ್ 100 ಡಿಗ್ರಿಯಲ್ಲಿ ಇರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ಮಂದ. ನಮ್ಮ ಕಡೆ ಜನವರಿ ಬೆಳಗಿನ 15 ಡಿಗ್ರಿಯಲ್ಲಿ ಹದಿನೈದು ಪಟ್ಟಿಗೂ ಹೆಚ್ಚು. ಡಬ್ಬಿ ಮೇಲಿನ ಡಬ್ಲ್ಯೂ ಅಂದರೆ ವಿಂಟರ್, ಚಳಿಯಲ್ಲಿ ಆಯಿಲ್ ಎಷ್ಟು ಹರಿಯುತ್ತದೆ ಎಂಬುದರ ಗುರುತು. ಕೊನೆಯ ಸಂಖ್ಯೆ ಬಿಸಿಯಾದ ಮೇಲಿನ ಮಂದತನದ್ದು. ಎಂಜಿನ್ ತಯಾರಿಸಿದವರು ಬೇರಿಂಗುಗಳ ಸಂದನ್ನು ಲೆಕ್ಕ ಹಾಕಿರುವುದು ಬಿಸಿ ಆಯಿಲ್‌ಗೆ.

ಆಯಿಲ್ ಪ್ರೆಶರ್ ಗೇಜ್ ಇರುವ ಗಾಡಿಯವರು ಒಂದು ಕಡೆ ಮೋಸ ಹೋಗುತ್ತಾರೆ. ತಣ್ಣಗಿನ ಎಂಜಿನ್‌ನಲ್ಲಿ ಪ್ರೆಶರ್ ಹೆಚ್ಚೇ ತೋರಿಸುತ್ತದೆ. ಆದರೆ ಪ್ರೆಶರ್ ಏರಿರುವುದೇ ಆಯಿಲ್ ಸರಿಯಾಗಿ ಹರಿಯದೆ ಅಡ್ಡ ನಿಂತದ್ದರಿಂದ. ಆಗ ಪಂಪಿನ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲ್ ಬೇರಿಂಗಿಗೆ ಹೋಗದೆ ವಾಪಸ್ ಹೋಗುತ್ತದೆ. ತಣ್ಣಗಿದ್ದಾಗಲೇ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಏರಿಸಿದರೆ ಫಿಲ್ಟರಿನ ಬೈಪಾಸ್ ವಾಲ್ವ್ ಕೂಡ ತೆರೆದು, ಸೋಸದ ಆಯಿಲ್ ನೇರ ಒಳಗೆ ಹೋಗಬಹುದು.

ಇನ್ನೊಂದು ಕಾರಣ ಲೋಹದ್ದು. ಪಿಸ್ಟನ್ ಅಲ್ಯೂಮಿನಿಯಂ. ಅದರ ಸುತ್ತಲಿನ ಸಿಲಿಂಡರ್ ಲೈನರ್ ಹೆಚ್ಚಿನ ಗಾಡಿಗಳಲ್ಲಿ ಬೀಡು ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೆಂಕಿ ನೇರ ಬಡಿಯುವುದು ಪಿಸ್ಟನ್ ತಲೆಗೆ, ಹಾಗಾಗಿ ಮೊದಲು ಕಾಯುವುದೂ ಅದೇ. ಬ್ಲಾಕ್ ನಿಧಾನ. ತಣ್ಣಗಿನ ಎಂಜಿನ್‌ಗೆ ಫುಲ್ ಥ್ರಾಟಲ್ ಕೊಟ್ಟರೆ ಪಿಸ್ಟನ್ ಹಿಗ್ಗಿ ನಿಂತಿರುತ್ತದೆ, ಅದಕ್ಕೆ ಜಾಗ ಬಿಡಬೇಕಾದ ಸಿಲಿಂಡರ್ ಇನ್ನೂ ಮಂಜಿನಲ್ಲಿರುತ್ತದೆ. ನಡುವಿನ ಸಂದು ಮಿಲಿಮೀಟರಿನ ನೂರರ ಕೆಲವು ಭಾಗ ಅಷ್ಟೆ. ಗೀರು ಬೀಳುವುದು ಅಲ್ಲಿ. ಒಂದೇ ದಿನಕ್ಕೆ ಏನೂ ಗೊತ್ತಾಗುವುದಿಲ್ಲ. ಐವತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಗಾಡಿ ಆಯಿಲ್ ಕುಡಿಯಲು ಶುರು ಮಾಡಿದಾಗ ಗೊತ್ತಾಗುತ್ತದೆ.

ಫಾರ್ಮುಲಾ ಒನ್ ಕಾರಿನಲ್ಲಿ ಈ ಸಂದು ಎಷ್ಟು ಬಿಗಿ ಎಂದರೆ, ಹೊರಗಿನಿಂದ ಬಿಸಿ ನೀರು, ಬಿಸಿ ಆಯಿಲ್ ಹರಿಸಿದ ಮೇಲೆಯೇ ಸ್ಟಾರ್ಟ್ ಮಾಡುತ್ತಾರೆ. ನಮಗೆ ಅಷ್ಟೆಲ್ಲ ಬೇಡ, ಹದಿನೈದು ನಿಮಿಷದ ತಾಳ್ಮೆ ಸಾಕು.

ಮೊದಲು ನಿಮ್ಮ ಗಾಡಿ ಏನು ತೋರಿಸುತ್ತದೆ ನೋಡಿ

ಆಯಿಲ್ ಟೆಂಪರೇಚರ್ ತೋರಿಸುವ ಗಾಡಿಯಾದರೆ ಅರ್ಧ ಕೆಲಸ ಮುಗಿಯಿತು. ಪೋರ್ಶೆ 911 ಮಾದರಿಯಲ್ಲಿ ಈ ಗೇಜ್ ಹಳೇ ಪದ್ಧತಿ. 1998ರವರೆಗೂ ಅದು ಗಾಳಿಯಿಂದ ತಣಿಯುವ ಎಂಜಿನ್, ಆಯಿಲೇ ಅರ್ಧ ಕೂಲಂಟ್. ಅದೇ 1998ರಲ್ಲಿ ಬಂದ ಬಿಎಂಡಬ್ಲ್ಯೂ ಎಂ5 ಕಾರಿನಲ್ಲಿ ಇನ್ನೊಂದು ಜಾಣತನ ಇತ್ತು: ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಗೇಜ್) ಸುತ್ತ ಹಳದಿ ದೀಪಗಳು, ಆಯಿಲ್ ಬಿಸಿಯಾದ ಹಾಗೆ ಒಂದೊಂದೇ ಆರುತ್ತವೆ. ದೀಪ ಉರಿಯುವ ಜಾಗಕ್ಕೆ ಮುಳ್ಳು ಹೋಗದಂತೆ ನೋಡಿಕೊಂಡರೆ ಆಯಿತು. ಇದಕ್ಕಿಂತ ಸರಳವಾದ ಪಾಠ ನಾನು ಕಂಡಿಲ್ಲ.

ನಮ್ಮೂರಲ್ಲಿ ಓಡುವುದು ಹೆಚ್ಚಾಗಿ ಪೋಲೊ ಜಿಟಿ, ಐ20 ಎನ್ ಲೈನ್, ವರ್ಟಸ್, ಸ್ಲಾವಿಯಾ ತರಹದ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಚಕ್ರ) ಇರುವ ಪೆಟ್ರೋಲ್ ಗಾಡಿಗಳು. ಆಯಿಲ್ ಗೇಜ್ ಇಲ್ಲದ ಗಾಡಿಗೆ ಒಬಿಡಿ ಡಾಂಗಲ್ ಹಾಕಿ ಆ್ಯಪ್‌ನಲ್ಲಿ ನೋಡಬಹುದು. ಆದರೆ ಎಲ್ಲ ಗಾಡಿಯೂ ಆಯಿಲ್ ಟೆಂಪರೇಚರ್ ಹೊರಗೆ ಕೊಡುವುದಿಲ್ಲ, ಕೊಳ್ಳುವ ಮೊದಲು ಯಾರದ್ದಾದರೂ ಡಾಂಗಲ್ ಸಿಕ್ಕಿಸಿ ಪರೀಕ್ಷೆ ಮಾಡಿ. ಆ ದಾರಿಯೂ ಇಲ್ಲದಿದ್ದರೆ ಒಂದು ಅಂದಾಜು ಇಟ್ಟುಕೊಳ್ಳಿ: ಕೂಲಂಟ್ ಮುಳ್ಳು ಮಧ್ಯಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತೋ, ಅಲ್ಲಿಂದ ಮುಂದೆ ಇನ್ನೂ ಅಷ್ಟೇ ಹೊತ್ತು. ಚಳಿಗಾಲದಲ್ಲಿ ಅದರ ಮೇಲೆ ಐದು ನಿಮಿಷ ಸೇರಿಸಿ.

ಆ ಮುಳ್ಳೂ ಪೂರ್ತಿ ಪ್ರಾಮಾಣಿಕವಲ್ಲ ಎಂಬುದು ನೆನಪಿರಲಿ. ನೀರು 75 ಇರಲಿ, 100 ದಾಟಿರಲಿ, ಬಹಳಷ್ಟು ಗಾಡಿಗಳಲ್ಲಿ ಅದು ಮಧ್ಯದಲ್ಲೇ ಅಲುಗದೆ ನಿಲ್ಲುವ ಹಾಗೆ ಮಾಡಿರುತ್ತಾರೆ. ಮುಳ್ಳು ಆಚೀಚೆ ಆಡಿದರೆ ಜನ ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡುತ್ತಾರೆ ಎಂದು.

ಸ್ಟಾರ್ಟ್ ಮಾಡುವ ಮೊದಲು

ಬಾನೆಟ್ ತೆಗೆಯಿರಿ. ಪೇಟೆಯವರಿಗೆ ಇದು ಅತಿ ಅನ್ನಿಸಬಹುದು. ಆದರೆ ಅಡಿಕೆ ಸುಲಿಯುವ ಮನೆಯಂಗಳದಲ್ಲಿ ನಿಂತ ಕಾರಿನೊಳಗೆ ಇಲಿ ಒಂದೇ ವಾರದಲ್ಲಿ ಸಿಪ್ಪೆ ತಂದು ಗೂಡು ಮಾಡುತ್ತದೆ, ಜೊತೆಗೆ ವೈರಿಂಗ್ ಕಡಿದಿಡುತ್ತದೆ. ಇಲಿ ಇದ್ದಲ್ಲಿಗೆ ಕೇರೆ ಹಾವೂ ಬರುತ್ತದೆ. ನನ್ನ ಶೆಡ್ಡಿನಲ್ಲಿ ಎರಡೂ ಆಗಿವೆ.

ಆಯಿಲ್ ಕಡ್ಡಿ ಇರುವ ಗಾಡಿಯಾದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮಟ್ಟ ನೋಡಿ. ಕೆಲವು ಹೊಸ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ, ಎಂಜಿನ್ ಬಿಸಿಯಾದ ಮೇಲೆ ಪರದೆಯಲ್ಲಿ ತೋರಿಸುತ್ತದೆ. ಘಾಟಿಯ ತಿರುವಿನಲ್ಲಿ ಆಯಿಲ್ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಂದು ಬದಿಗೆ ಸರಿಯುತ್ತದೆ, ಮಟ್ಟ ಕಡಿಮೆಯಿದ್ದರೆ ಪಂಪ್ ಗಾಳಿ ಎಳೆಯುವ ಅಪಾಯ ಅಲ್ಲಿಯೇ. ಕೂಲಂಟ್ ಡಬ್ಬಿಯ ಗೆರೆಯನ್ನೂ ಈಗಲೇ ನೋಡಿಕೊಳ್ಳಿ, ಬಿಸಿಯಾದ ಮೇಲೆ ಅದರ ಮುಚ್ಚಳ ತೆಗೆಯುವಂತಿಲ್ಲ.

ಮೊದಲ ಅರ್ಧ ನಿಮಿಷ

ಆಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಾರ್ಟ್ ಮಾಡಿ. ಆಯಿಲ್ ಪ್ರೆಶರ್ ದೀಪ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಐಡಲ್ (ಆಕ್ಸಿಲರೇಟರ್ ತುಳಿಯದೆ ಎಂಜಿನ್ ತಾನೇ ತಿರುಗುವ ವೇಗ) 1,100–1,200 ಆರ್‌ಪಿಎಂ ತನಕ ಏರಿ ನಿಂತು, ಸೈಲೆನ್ಸರ್ ಸದ್ದು ಒರಟಾಗಿ ಕೇಳುತ್ತದೆ. ಗಾಡಿಯೇ ಬೇಕೆಂದು ಹಾಗೆ ಮಾಡುತ್ತಿರುತ್ತದೆ: ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರು ಮಾಡಲು ಸುಮಾರು 250–300 ಡಿಗ್ರಿ ಬಿಸಿ ಬೇಕು, ಅದನ್ನು ಬೇಗ ಕಾಯಿಸಲು ಈ ಏರ್ಪಾಡು. ಸೀಟ್ ಬೆಲ್ಟ್ ಹಾಕಿ, ಗಾಜಿನ ಮಂಜು ಒರೆಸಿ, ಕನ್ನಡಿ ಸರಿ ಮಾಡಿ. ಅಷ್ಟರಲ್ಲಿ ಇಪ್ಪತ್ತು–ಮೂವತ್ತು ಸೆಕೆಂಡ್ ಆಗಿರುತ್ತದೆ, ಆಯಿಲ್ ಮೇಲಿನ ಕ್ಯಾಮ್‌ಶಾಫ್ಟ್ ತನಕ ತಲುಪಿರುತ್ತದೆ. ಹೊರಡಿ.

ನ್ಯೂಟ್ರಲ್‌ನಲ್ಲಿ ನಿಲ್ಲಿಸಿಕೊಂಡು ವ್ರೂಂ ವ್ರೂಂ ಎಂದು ರೇಸ್ ಮಾಡುವ ಚಟ ಕೆಲವರಿಗಿದೆ. ಪಕ್ಕದ ಮನೆಯವರು ಬೈಯುವುದು ಹಾಗಿರಲಿ, ತಣ್ಣಗಿನ ಎಂಜಿನ್‌ಗೆ ಇಷ್ಟು ಕೆಟ್ಟದ್ದು ಬೇರೆ ಇಲ್ಲ.

ಹತ್ತು ನಿಮಿಷ ಐಡಲ್ ಬಿಟ್ಟರೆ ಏನಾಗುತ್ತದೆ? ಎಂಜಿನ್ ಕೆಲಸ ಮಾಡದಿದ್ದರೆ ಬಿಸಿ ಹುಟ್ಟುವುದಿಲ್ಲ. ಹಂಡೆ ಒಲೆಗೆ ಒಂದೇ ಸೌದೆ ಇಟ್ಟು ಸ್ನಾನಕ್ಕೆ ಕಾಯುತ್ತಾ ಕೂತ ಹಾಗೆ. ಆ ಹೊತ್ತೆಲ್ಲ ಗಾಡಿ ಪೆಟ್ರೋಲನ್ನು ಜಾಸ್ತಿಯೇ ಸುರಿಯುತ್ತಿರುತ್ತದೆ, ತಣ್ಣಗಿನ ಸಿಲಿಂಡರಿನಲ್ಲಿ ಅದು ಪೂರ್ತಿ ಆವಿಯಾಗುವುದಿಲ್ಲ. ಉಳಿದದ್ದು ಗೋಡೆಗೆ ಅಂಟಿದ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿದು ಸಂಪಿನ ಆಯಿಲ್‌ಗೆ ಸೇರುತ್ತದೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಗಾಡಿಗಳಲ್ಲಿ ಇದು ಇನ್ನೂ ಹೆಚ್ಚು. ಅಪ್ಪಯ್ಯನಿಗೆ ಇದನ್ನು ಹೇಳಿದಾಗ, "ಹಾಗಾದ್ರೆ ಇಷ್ಟು ವರ್ಷ ನಾವು ಓಡ್ಸಿದ್ದೆಲ್ಲ ಗಾಡಿ ಅಲ್ವೇನೋ?" ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಮೊದಲ ಕಿಲೋಮೀಟರ್‌ಗಳು: ಹಗುರ ಕಾಲು, ಆದರೆ ಗಾಡಿ ಉಸಿರುಗಟ್ಟಬಾರದು

ಪೆಟ್ರೋಲ್ ಗಾಡಿಯಾದರೆ 2,000ದಿಂದ 3,000 ಆರ್‌ಪಿಎಂ ಒಳಗೆ, ಆಕ್ಸಿಲರೇಟರ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಳಿಯದೆ ಓಡಿಸಿ. ಟರ್ಬೊ ಬೂಸ್ಟ್ ಎಳೆಯುವಷ್ಟು ಒತ್ತಬೇಡಿ. ಆಟೋಮ್ಯಾಟಿಕ್ ಆದರೆ ಡಿ ಮೋಡ್ ಸಾಕು, ಎಸ್ (ಸ್ಪೋರ್ಟ್) ಮುಟ್ಟಬೇಡಿ.

ಮೆಲ್ಲಗೆ ಓಡಿಸಬೇಕೆಂದು ಹೇಳಿದರೆ ಕೆಲವರು ನಾಲ್ಕನೇ ಗೇರಿನಲ್ಲಿ 1,200 ಆರ್‌ಪಿಎಂ ಇಟ್ಟುಕೊಂಡು ದಿಬ್ಬ ಹತ್ತಿಸುತ್ತಾರೆ. ಗಾಡಿ ಗಡಗಡ ನಡುಗುತ್ತದೆ. ಇದು 3,500ಕ್ಕೆ ಏರಿಸುವುದಕ್ಕಿಂತ ಕೆಟ್ಟದ್ದು. ಕಡಿಮೆ ವೇಗದಲ್ಲಿ ಪಂಪ್ ಕೊಡುವ ಆಯಿಲ್ ಕಡಿಮೆ, ಬೇರಿಂಗ್ ಮೇಲಿನ ಹೊರೆ ಮಾತ್ರ ಪೂರ್ತಿ. ಮಲೆನಾಡಿನಲ್ಲಿ ಮನೆಯಿಂದ ಡಾಂಬರು ರಸ್ತೆಗೆ ಬರುವುದೇ ಹೆಚ್ಚಾಗಿ ಏರು ದಾರಿ. ಒಂದು ಗೇರ್ ಕೆಳಗಿಟ್ಟು, ಎಂಜಿನ್ ಹಗುರವಾಗಿ ತಿರುಗುವ ಹಾಗೆ ಏರಿಸಿ.

ಗೇರ್‌ಬಾಕ್ಸ್ ಎಂಜಿನ್‌ಗಿಂತಲೂ ನಿಧಾನಕ್ಕೆ ಬಿಸಿಯಾಗುತ್ತದೆ. ಬೆಳಗ್ಗೆ ಒಂದರಿಂದ ಎರಡಕ್ಕೆ ಗೇರ್ ಹಾಕುವಾಗ ಹಿಡಿದ ಹಾಗಾಗುವುದು ಅದಕ್ಕೇ. ಜೋರು ಮಾಡಬೇಡಿ, ಅರೆಕ್ಷಣ ನಿಂತು ಒಳಗೆ ತಳ್ಳಿ.

ಕೂಲಂಟ್ ಬಿಸಿ, ಆಯಿಲ್ ಇನ್ನೂ ಇಲ್ಲ

ಜನ ಎಡವುವುದು ಈ ಹಂತದಲ್ಲಿ. ಶುರುವಿಗೆ ಥರ್ಮೋಸ್ಟ್ಯಾಟ್ (ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಮುಚ್ಚಿರುತ್ತದೆ. ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ ಒಳಗೇ ಸುತ್ತುವುದರಿಂದ ಬೇಗ ಕಾಯುತ್ತದೆ, ಸುಮಾರು 82–90 ಡಿಗ್ರಿಗೆ ಅದು ತೆರೆಯುತ್ತದೆ. ಆಯಿಲ್‌ಗೆ ಅಂತಹ ಅನುಕೂಲವಿಲ್ಲ. ನಾಲ್ಕೈದು ಲೀಟರ್ ಆಯಿಲ್ ಕೆಳಗಿನ ಸಂಪಿನಲ್ಲಿ, ಗಾಳಿ ಹೊಡೆಯುವ ಜಾಗದಲ್ಲಿರುತ್ತದೆ. ಹಾಗಾಗಿ ನೀರಿಗೆ ಹಿಡಿದ ಸುಮಾರು ಎರಡರಷ್ಟು ಸಮಯ ಅದಕ್ಕೆ ಬೇಕು. ಆಯಿಲ್ ಮತ್ತು ಕೂಲಂಟ್ ನಡುವೆ ಹೀಟ್ ಎಕ್ಸ್‌ಚೇಂಜರ್ ಇರುವ ಗಾಡಿಗಳಲ್ಲಿ ಅಂತರ ಸ್ವಲ್ಪ ಕಡಿಮೆ.

ಕೂಲಂಟ್ ಮಧ್ಯಕ್ಕೆ ಬಂತು ಎಂದರೆ ಎರಡನೇ ಹಂತ ಶುರು ಎಂದಷ್ಟೇ ಅರ್ಥ. ಈಗ 3,500, ಹೆಚ್ಚೆಂದರೆ 4,000 ತನಕ ಹೋಗಬಹುದು, ಅರ್ಧ ಆಕ್ಸಿಲರೇಟರ್ ಕೊಡಬಹುದು. ಲಾರಿ ಹಿಂದಿಕ್ಕಲು ಒಮ್ಮೆ ಜೋರಾಗಿ ಎಳೆಯಬೇಕಾಗಿ ಬಂದರೆ ಎಂಜಿನ್ ಬಿದ್ದುಹೋಗುವುದಿಲ್ಲ, ಅದೇ ಅಭ್ಯಾಸವಾಗದಿದ್ದರೆ ಸರಿ.

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಹೊರಡುವವರಿಗೆ ಇದೆಲ್ಲ ತಾನಾಗಿಯೇ ಆಗುತ್ತದೆ. ಪೇಟೆಯ ಟ್ರಾಫಿಕ್ಕಿನಲ್ಲಿ ಮೊದಲ ಹಂತ ಮುಗಿಯುತ್ತದೆ. ಗಾಜನೂರು ಡ್ಯಾಮ್ ಬರುವಾಗ ಕೂಲಂಟ್ ಬಿಸಿಯಾಗಿ ಸಾಕಷ್ಟು ಹೊತ್ತಾಗಿರುತ್ತದೆ. ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಹೇಗೂ ನಿಧಾನ. ಮಂಡಗದ್ದೆ ತಲುಪುವ ಮೊದಲೇ ನನ್ನ ಗಾಡಿಯ ಆಯಿಲ್ 90 ದಾಟಿರುತ್ತದೆ.

ತೊಂದರೆ ಇರುವುದು ಘಟ್ಟದ ಬಾಯಲ್ಲೇ ರಾತ್ರಿ ಉಳಿದವರಿಗೆ. ಆಗುಂಬೆ ಹೋಮ್‌ಸ್ಟೇಯಿಂದ ಬೆಳಗ್ಗೆ ಉಡುಪಿ ಕಡೆ ಹೊರಟರೆ ಕೂಡಲೇ ಇಳಿಜಾರು. ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಎಂಜಿನ್ ಬ್ರೇಕಿಂಗ್‌ನಲ್ಲಿ ಬಂದರೆ ಇಸಿಯು ಪೆಟ್ರೋಲನ್ನೇ ನಿಲ್ಲಿಸುತ್ತದೆ, ಬಿಸಿ ಹುಟ್ಟುವುದೇ ಇಲ್ಲ. ಹದಿನಾಲ್ಕು ಹೇರ್‌ಪಿನ್ ಇಳಿದು ಕೆಳಗೆ ಬಂದಾಗಲೂ ಎಂಜಿನ್ ಅರೆಬಿಸಿ. ಸೋಮೇಶ್ವರದ ನೇರ ರಸ್ತೆ ಸಿಕ್ಕಿತೆಂದು ತುಳಿಯುವ ಮೊದಲು ಇದು ನೆನಪಿರಲಿ. ಕೆಳಗಿನಿಂದ ಮೇಲೆ ಬರುವವರದ್ದು ನನ್ನ ಕಥೆಯೇ: ತಣ್ಣಗಿನ ಎಂಜಿನ್ ಮೊದಲ ನಿಮಿಷಗಳಲ್ಲೇ ಐನೂರು ಮೀಟರಿಗೂ ಹೆಚ್ಚು ಎತ್ತರ ಏರಬೇಕು. ಹುಲಿಕಲ್ ಘಾಟಿ ಕೆಳಗೆ ಹೊಸಂಗಡಿಯಲ್ಲಿ ಉಳಿದವರಿಗೂ ಇದೇ ಪಾಡು. ಈಗ ನಾನು ಮಾಡುವುದು ಇಷ್ಟೆ: ಚಿಕ್ಕಮ್ಮನ ಮನೆಯಿಂದ ಹೊರಟವನು ಮೊದಲು ಹೆಬ್ರಿ ಕಡೆ ಹೋಗುತ್ತೇನೆ, ಅಲ್ಲಿ ಪೆಟ್ರೋಲ್ ಹಾಕಿಸಿಕೊಂಡು ವಾಪಸ್ ಬಂದು ಘಾಟಿ ಹತ್ತುತ್ತೇನೆ. ಸಮಯವಿಲ್ಲದ ದಿನ ಘಾಟಿಯನ್ನೇ ಮೆಲ್ಲಗೆ ಹತ್ತುವುದು. ಸಿಂಗಳೀಕ ರಸ್ತೆ ದಾಟುವ ಕಾಡು ಅದು. ನಿಜವಾಗಿ ಗಾಡಿ ಎಳೆದು ನೋಡುವ ಆಸೆಯಿದ್ದರೆ ಕೊಯಮತ್ತೂರಿನ ಕರಿ ಟ್ರ್ಯಾಕ್ ಅಥವಾ ಚೆನ್ನೈ ಹತ್ತಿರದ ಇರುಂಗಾಟುಕೋಟೆಗೆ ಹೋಗಿ. ಈ ಬರಹದಲ್ಲಿ ರೆಡ್‌ಲೈನ್ (ಆರ್‌ಪಿಎಂನ ಮೇಲಿನ ಮಿತಿ) ಎಂದು ಬರುವುದೆಲ್ಲ ಅಂತಹ ಜಾಗಕ್ಕೆ.

80 ದಾಟಿದ ಮೇಲೆ

ಆಯಿಲ್ 80 ಡಿಗ್ರಿಗೆ ಬಂದರೆ ಬಾಗಿಲು ತೆರೆಯಿತು ಎಂದುಕೊಳ್ಳಿ. ಆದರೂ ಒಂದೇ ಸಲಕ್ಕೆ ರೆಡ್‌ಲೈನ್ ಬೇಡ. ಮೊದಲು 4,500 ತನಕ ಒಂದೆರಡು ಸಲ, ಆಮೇಲೆ 5,500, ಆಮೇಲೆ ಪೂರ್ತಿ. ಆಯಿಲ್ 90–110ರ ನಡುವೆ ಇದ್ದಾಗ ಎಂಜಿನ್ ಹದದಲ್ಲಿರುತ್ತದೆ. ಟ್ರ್ಯಾಕಿನಲ್ಲಿ 130 ದಾಟತೊಡಗಿದರೆ ಒಂದು ಸುತ್ತು ಮೆಲ್ಲಗೆ ಓಡಿಸಿ ತಣಿಸಿ. ಆಯಿಲ್ ತಣ್ಣಗಿರುವ ತನಕ ಲಾಂಚ್ ಕಂಟ್ರೋಲ್ (ನಿಂತಲ್ಲಿಂದ ಜೋರಾಗಿ ಹೊರಡಿಸುವ ವ್ಯವಸ್ಥೆ) ಕೊಡದ, ಆರ್‌ಪಿಎಂ ಮಿತಿಯನ್ನೇ ಇಳಿಸಿಡುವ ಗಾಡಿಗಳೂ ಇವೆ. ಗಾಡಿಗೇ ಇಷ್ಟು ಬುದ್ಧಿ ಇರುವಾಗ ಅದರ ಜೊತೆ ಜಗಳ ಯಾಕೆ?

ಎಂಜಿನ್ ತಯಾರಾದ ಮಾತ್ರಕ್ಕೆ ಟೈರ್, ಬ್ರೇಕ್ ತಯಾರಾಗಿರುವುದಿಲ್ಲ. ಹಿಂದೆ ಯಾರೂ ಇಲ್ಲದಾಗ ಮೂರ್ನಾಲ್ಕು ಸಲ ಮಧ್ಯಮವಾಗಿ ಬ್ರೇಕ್ ಹಾಕಿ ನೋಡಿ. ಮಳೆಗಾಲದಲ್ಲಂತೂ ನಮ್ಮ ರಸ್ತೆಯಲ್ಲಿ ಟೈರ್ ಬಿಸಿಯಾಗುವುದೇ ಇಲ್ಲ ಎಂದು ತಿಳಿದುಕೊಂಡೇ ಓಡಿಸಬೇಕು, ಮರದಡಿಯ ತಿರುವುಗಳಲ್ಲಿ ಪಾಚಿ ಬೇರೆ.

ನಡುವೆ ಚಹಾಕ್ಕೆ ನಿಂತರೆ

ಅರ್ಧ ಗಂಟೆ ನಿಂತು ಮತ್ತೆ ಸ್ಟಾರ್ಟ್ ಮಾಡಿದಾಗ ಕೂಲಂಟ್ ಮುಳ್ಳು ಹೆಚ್ಚು ಇಳಿದಿರುವುದಿಲ್ಲ, ಆಯಿಲ್ ಮಾತ್ರ ನನ್ನ ಗಾಡಿಯಲ್ಲಿ 70ರ ಹತ್ತಿರ ಬಂದಿರುತ್ತದೆ. ಆಗ ಮೊದಲ ಹಂತ ಬಿಟ್ಟು ಎರಡನೆಯದರಿಂದ ಶುರು ಮಾಡಿ. ಊಟ ಮಾಡಿ ಎರಡು ಗಂಟೆ ಮಲಗಿ ಎದ್ದರೆ ಮೊದಲಿನಿಂದಲೇ.

ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಮನೆಗೆ ಎಂದು ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಬೇರೆ ಕಾಯಿಲೆ. ಆಯಿಲ್ ಒಮ್ಮೆಯೂ ಚೆನ್ನಾಗಿ ಕಾಯದೆ, ಅದರೊಳಗೆ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ಆಷಾಢದಲ್ಲಿ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಹಾಲಿನ ಕೆನೆಯಂಥದ್ದು ಕಾಣುವುದು ಇದರಿಂದ. ಅದನ್ನು ನೋಡಿದವರೇ ಹೆಡ್ ಗ್ಯಾಸ್ಕೆಟ್ (ನೀರು, ಆಯಿಲ್ ಬೆರೆಯದಂತೆ ತಡೆಯುವ ಸೀಲ್) ಹೋಗಿದೆ ಎಂದು ನನ್ನನ್ನೊಮ್ಮೆ ಹೆದರಿಸಿದ ಮೆಕ್ಯಾನಿಕ್ ಇದ್ದಾರೆ. ಕೂಲಂಟ್ ಮಟ್ಟ ಇಳಿಯದೆ, ಕಡ್ಡಿಯಲ್ಲಿ ಆಯಿಲ್ ಸರಿಯಾದ ಬಣ್ಣದಲ್ಲೇ ಇದ್ದರೆ ಮೊದಲು ನಲವತ್ತು ನಿಮಿಷ ಗಾಡಿ ಓಡಿಸಿ, ಮುಚ್ಚಳ ಒರೆಸಿ, ಮತ್ತೆ ನೋಡಿ. ನನ್ನದು ಹಾಗೆಯೇ ಸರಿಹೋಯಿತು. ಇಂತಹ ಗಾಡಿಗೆ ವಾರಕ್ಕೊಮ್ಮೆ ಒಂದು ಉದ್ದದ ಓಟ ಬೇಕು, ಆಯಿಲನ್ನೂ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮೊದಲೇ ಬದಲಾಯಿಸಬೇಕು. ಗ್ರೇಡ್ ಮಾತ್ರ ಪುಸ್ತಕದಲ್ಲಿದ್ದದ್ದೇ ಹಾಕಿ. ರೇಸಿನವರು ಹಾಕುತ್ತಾರೆಂದು 10ಡಬ್ಲ್ಯೂ-60 ತಂದು ಸುರಿದರೆ, ಅದಕ್ಕೆಂದೇ ಮಾಡಿದ ಎಂಜಿನ್ ಅಲ್ಲದಿದ್ದರೆ, ಬೆಳಗಿನ ಜೋನಿ ಬೆಲ್ಲವನ್ನು ಇನ್ನಷ್ಟು ಮಂದ ಮಾಡಿದಂತೆ.

ನಿಲ್ಲಿಸುವಾಗ

ಘಾಟಿ ಹತ್ತಿ ಬಂದು, ಆಗುಂಬೆಯ ಸೂರ್ಯಾಸ್ತದ ಜಾಗದಲ್ಲಿ ಕಾರು ನಿಲ್ಲಿಸಿ, ಸೂರ್ಯ ಮುಳುಗಿಯೇ ಬಿಡುತ್ತಾನೆಂದು ಕೂಡಲೇ ಆಫ್ ಮಾಡಿ ಓಡುವವರನ್ನು ದಿನವೂ ನೋಡಬಹುದು. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗಿ ಬಂದಿರುತ್ತದೆ, ಅದರ ಬೇರಿಂಗಿಗೆ ಹೋಗುವ ಆಯಿಲ್ ಎಂಜಿನ್ ನಿಂತ ಕೂಡಲೇ ನಿಲ್ಲುತ್ತದೆ. ಉಳಿದ ಆಯಿಲ್ ಅಲ್ಲೇ ಸುಟ್ಟು ಕರಿಯಾಗುತ್ತದೆ. ಹಾಗಾಗಿ ಕೊನೆಯ ಎರಡು–ಮೂರು ತಿರುವು ಮೆಲ್ಲಗೆ ಬನ್ನಿ, ನಿಂತ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಅಪ್ಪಯ್ಯನ ಮಾತು ಒಪ್ಪಿ ನಾನು ಗಾಡಿ ಐಡಲ್ ಬಿಡುವುದು ಈ ಒಂದು ಹೊತ್ತಿನಲ್ಲಿ ಮಾತ್ರ. ಆಫ್ ಮಾಡಿದ ಮೇಲೂ ಬಾನೆಟ್ ಒಳಗೆ ಫ್ಯಾನ್ ತಿರುಗುತ್ತಿದ್ದರೆ, ಗುಂಯ್ ಎಂದು ಪಂಪಿನ ಸದ್ದು ಕೇಳುತ್ತಿದ್ದರೆ ಗಾಬರಿ ಬೇಡ, ಟರ್ಬೊವನ್ನು ತಣಿಸಲು ಕೆಲವು ಗಾಡಿಗಳಲ್ಲಿ ನೀರಿನ ಎಲೆಕ್ಟ್ರಿಕ್ ಪಂಪ್ ಕೆಲವು ನಿಮಿಷ ಓಡುತ್ತಲೇ ಇರುತ್ತದೆ. ಬ್ಯಾಟರಿ ಕಿತ್ತು ನಿಲ್ಲಿಸಲು ಹೋಗಬೇಡಿ.